ಮನೆಯ ಅಳತೆಯ ತೂಗುಕುರ್ಚಿ

ಸೀಟಿನ ಮುಂಭಾಗದ ಒಂದು ಗೇಣಿನಷ್ಟು ಬಟ್ಟೆ ಮಾತ್ರ ಮಾಸಿ ಸುಕ್ಕುಗಟ್ಟಿತ್ತು. ಅದರಡಿಯ ಸ್ಪಂಜು ಕುಸಿದಿತ್ತು. ಉಳಿದ ಭಾಗ ನಮ್ಮ ಕಾರ್ಯಾಗಾರದಿಂದ ಹೊರಟ ದಿನ ಹೇಗಿತ್ತೋ ಹಾಗೆಯೇ ಉಬ್ಬಿಕೊಂಡಿತ್ತು. ಬೆನ್ನಿಗೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ತೆಗೆದಿರಲಿಲ್ಲ. ಹಳಿಯಾಳದ ಒಂದು ಮನೆಯ ಪಡಸಾಲೆಯಲ್ಲಿ ಮಂಡಿಯೂರಿ ಇದನ್ನು ನೋಡುತ್ತಿದ್ದ ನನಗೆ, ಒಂದು ತೂಗುಕುರ್ಚಿಯ ಮೇಲೆ ಇಷ್ಟೊಂದು ಸಿಟ್ಟು ಬರಲು ಸಾಧ್ಯವೇ ಎಂದು ಆಶ್ಚರ್ಯವಾಯಿತು. ಸಿಟ್ಟು ಮಾಡಿಕೊಳ್ಳುವುದಾದರೂ ಯಾರ ಮೇಲೆ? ಅದನ್ನು ವಿನ್ಯಾಸ ಮಾಡಿದವಳು ನಾನೇ.

ದಾಂಡೇಲಿಯ ಒಂದು ಸಣ್ಣ ಕಾರ್ಯಾಗಾರದಲ್ಲಿ ತೂಗುಕುರ್ಚಿ ಮತ್ತು ಒರಗುಕುರ್ಚಿಗಳಿಗೆ ಪ್ಲೈವುಡ್ ಚೌಕಟ್ಟು ವಿನ್ಯಾಸ ಮಾಡುವುದು ನನ್ನ ಉದ್ಯೋಗ. ಹೀಗೆಂದ ಕೂಡಲೇ ಎದುರಿನವರು ‘ಹೂವಿನ ಡಿಸೈನೋ, ಬಳ್ಳಿಯದೋ?’ ಎಂದು ಕೇಳುತ್ತಾರೆ. ಹೂವೂ ಇಲ್ಲ, ಬಳ್ಳಿಯೂ ಇಲ್ಲ. ಸ್ಪಂಜು, ಬಟ್ಟೆ ಹೊದಿಸಿದ ಮೇಲೆ ನಾನು ಮಾಡಿದ್ದು ಯಾರಿಗೂ ಕಾಣುವುದಿಲ್ಲ. ನಾಲ್ಕು ಜನರ ಕಣ್ಣಿಗೆ ಬೀಳಲು ಹಿಂಜರಿಯುವ ನನ್ನಂಥವಳಿಗೆ ಈ ವೃತ್ತಿ ಒಗ್ಗಿದ್ದು ಬಹುಶಃ ಆ ಕಾರಣಕ್ಕೇ ಇರಬೇಕು. ಪ್ಲೈವುಡ್ ಕೂಡ ಹಾಗೆಯೇ ಮುಖ ತೋರಿಸದ ವಸ್ತು. ಉದ್ದ ಎಳೆಯ ಪದರದ ಮೇಲೆ ಅಡ್ಡ ಎಳೆಯ ಪದರವಿಟ್ಟು ಅಂಟಿಸಿದ ಹಲಗೆ ಅದು; ಒಂದು ಪದರ ಸೊಟ್ಟಗಾಗಲು ಹೊರಟರೆ ಪಕ್ಕದ್ದು ಬಿಡುವುದಿಲ್ಲ. ತುಂಬಿದ ಸಂಸಾರಗಳೂ ಬಹಳ ಸಲ ಇದೇ ಅಂಟಿನ ಮೇಲೆ ನಿಂತಿರುತ್ತವೆ ಎನ್ನುವುದನ್ನು ನಾನು ಆಮೇಲೆ ಕಲಿತೆ.

ತೂಗುಕುರ್ಚಿಯ ಅಡಿಯಲ್ಲಿರುವ ಎರಡು ಬಾಗಿದ ಪಟ್ಟಿಗಳನ್ನು ನಾವು ಬಿಲ್ಲು ಎನ್ನುತ್ತೇವೆ. ಕೂತವರ ಭಾರ ಬಿಲ್ಲಿನ ನಡುವೆ ಬಿದ್ದರೆ ಕುರ್ಚಿ ತೂಗುತ್ತದೆ. ಮುಂದಿನ ತುದಿಯ ಮೇಲೆ ಬಿದ್ದರೆ ಕೂತವರನ್ನು ನೆಲಕ್ಕೆ ಇಳಿಸಿಬಿಡುತ್ತದೆ. ಹಳಿಯಾಳದ ಗಂಗಾ ಕಾಕುವಿಗೆ ಆದದ್ದು ಎರಡನೆಯದು. ಬಾಗಿಲ ಚೌಕಟ್ಟು ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ, ಅಷ್ಟೆ. ಚಿಗಳ್ಳಿಯ ಶಾಲೆಯಲ್ಲಿ ಶಿಕ್ಷಕಿಯಾಗಿರುವ ಅವರ ಮಗಳು, ತಾಯಿಯ ಮಂಡಿನೋವು ನೋಡಲಾರದೆ ಆ ಕುರ್ಚಿಯನ್ನು ಮಾಡಿಸಿ ಕಳಿಸಿದ್ದಳು. ಕಾಗದ ಕಾರ್ಖಾನೆಯಿಂದ ನಿವೃತ್ತರಾದ ಕಾಕುವಿನ ಗಂಡ, ಅಂದರೆ ಕಾಕಾ, ನಮ್ಮ ಮಾಲಕ ಬಸಣ್ಣನಿಗೆ ಫೋನು ಮಾಡಿ ಕೊಟ್ಟ ಪರಿಹಾರ ಬಹಳ ಸರಳವಾಗಿತ್ತು: “ಅದನ್ನ ವಾಪಸ್ ಒಯ್ರಿ. ಅದೇ ಸಾಮಾನಿನಾಗ ನನಗೊಂದು ಒರಗೂ ಕುರ್ಚಿ ಮಾಡಿಕೊಡ್ರಿ. ಅಕಿಗೆ ಇವೆಲ್ಲ ಬಗೀಹರಿಯೂದಿಲ್ಲ.”

ಬಸಣ್ಣ ನನ್ನನ್ನು ಟೆಂಪೋದಲ್ಲಿ ಕೂರಿಸಿ ಕಳಿಸುವಾಗ ಹೇಳಿದ್ದೂ ಅಷ್ಟೇ ಸರಳ. “ರಿಪೇರಿ ಆಗೂ ಹಂಗಿದ್ರ ನೋಡು ತಂಗಿ. ಇಲ್ಲಂದ್ರ ಕಾಕಾನ ಅಳತಿ ತಗೊಂಡ ಬಾ.” ಅಂದರೆ ನಾನು ರಿಪೇರಿಯ ದಾರಿ ಕಾಣದೆ ಮರಳಿದರೆ, ಮಗಳು ತಾಯಿಗೆಂದು ಕೊಡಿಸಿದ ಕುರ್ಚಿ ಮರುದಿನ ಬಿಚ್ಚಿಕೊಂಡು ತಂದೆಯ ಕುರ್ಚಿಯಾಗಲಿತ್ತು.

ಕಾಕಾ ಒಳ್ಳೆಯ ಮನುಷ್ಯರು. ಅದೇ ನನ್ನ ಸಿಟ್ಟಿಗೆ ದೊಡ್ಡ ತೊಡಕಾಯಿತು. ನನಗೆ ಫ್ಯಾನು ಹಾಕಿದರು, ಚಹಾ ತರಿಸಿದರು. ತರಿಸಿದರು ಎಂದರೆ ಕಾಕುವನ್ನು ಕರೆದರು. ಆಮೇಲೆ ತಾವೇ ತೂಗುಕುರ್ಚಿಯಲ್ಲಿ ಬೆನ್ನು ಚೆಲ್ಲಿ ಕೂತು, ಎರಡೂ ಕೈಗಳನ್ನು ಕೈಪಟ್ಟಿಗಳ ಮೇಲಿಟ್ಟು ತೂಗತೊಡಗಿದರು.

“ನೋಡ್ರಿ ಇಂಜಿನಿಯರ್ ಬಾಯಾರ, ನಾ ಕೂತ್ರ ಬರೋಬರಿ ತೂಗತೈತಿ. ಇಕಿಗೆ ಕೂಡಾಕ ಬರೂದಿಲ್ಲ.”

“ಹೌದ ಹೌದ,” ಎಂದರು ಕಾಕು, ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು. “ಈ ಮನಿಗೆ ಬಂದಾಗಿಂದ ನಿಂತ ನಿಂತ, ಕೂಡೂದ ಮರತೈತಿ ನನಗ.”

ಕಾಕಾ ಮನಸಾರೆ ನಕ್ಕರು. ಮಾತು ತಮ್ಮನ್ನೇ ಕುರಿತದ್ದು ಎಂದು ಅವರಿಗೆ ಹೊಳೆದಂತೆ ಕಾಣಲಿಲ್ಲ.

ಅವರು ಹಿತ್ತಲಿಗೆ ಹೋದ ಮೇಲೆ ಕಾಕುವನ್ನು ಕುರ್ಚಿಯಲ್ಲಿ ಕೂರಲು ಕೇಳಿಕೊಂಡೆ. ತುದಿಯಲ್ಲಿ ಕೂತರು. ಬಸ್ಸಿನಲ್ಲಿ ಮುಂದಿನ ನಿಲ್ದಾಣಕ್ಕೆ ಇಳಿಯುವವರು ಕೂತಿರುತ್ತಾರಲ್ಲ, ಹಾಗೆ. “ಹಿಂದ ಸರೀರಿ ಕಾಕೂ,” ಎಂದೆ. “ಒರಗಿದ್ರ ನಿದ್ದಿ ಬರತೈತಿ ಬೇ. ನಿದ್ದಿ ಬಂದ್ರ ಹಾಲ ಉಕ್ಕತೈತಿ,” ಎಂದರು. ಬಹಳ ಹೇಳಿದ ಮೇಲೆ ಸರಿದರು. ಬೆನ್ನು ಹಿಂದಕ್ಕೆ ತಾಗಿದ ಕೂಡಲೇ ಅವರ ಎರಡೂ ಪಾದಗಳು ನೆಲ ಬಿಟ್ಟವು. ಕೈಪಟ್ಟಿಗಳು ಎಷ್ಟು ದೂರವಿದ್ದವೆಂದರೆ ಎರಡನ್ನೂ ಹಿಡಿಯಲು ಹೋದರೆ ಅವರು ಹಾರಲು ಹೊರಟ ಹಾಗೆ ಕಾಣುತ್ತಿತ್ತು. ಅಷ್ಟರಲ್ಲಿ ಹಿತ್ತಲಿನಿಂದ “ಏ, ಕೇಳಸ್ತೇನ? ಬಕೆಟ್ ಎಲ್ಲಿಟ್ಟೀ?” ಎಂಬ ಕರೆ ಬಂತು. ಕಾಕು ಹಿಂದಿನಿಂದ ಮುಂದಕ್ಕೆ ಇಷ್ಟಿಷ್ಟೇ ಜರುಗುತ್ತ ತುದಿಗೆ ಬಂದು, ಕುರ್ಚಿ ಮುಗ್ಗರಿಸುವ ಮೊದಲೇ ಅಭ್ಯಾಸಬಲದಿಂದ ಎದ್ದು ಹೋದರು. ಬಕೆಟ್ಟು ಕಾಕಾನ ಕಾಲ ಬಳಿಯೇ ಇತ್ತೆಂದು ಮರಳಿ ಬಂದು ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ. ದೂರೆಲ್ಲ ನನ್ನೊಳಗೆ ಸೇರಿಕೊಂಡಿತ್ತು.

ಈಗ ಹೇಳಿ, ಆ ಕುರ್ಚಿ ಯಾರ ಅಳತೆಯದು?

ನಮ್ಮ ಕಡೆ ಒಂದು ಪದ್ಧತಿಯಿದೆ. ಮನೆಗೆ ಮಾಡಿಸುವ ಕುರ್ಚಿಗೆ ‘ಮನಿ ಅಳತಿ’ ಹಾಕುತ್ತಾರೆ. ಯಾರಿಗೆಂದು ಮಾಡಿಸಿದರೂ ಎಲ್ಲರೂ ಕೂರುವಂತಿರಬೇಕು ಎಂಬ ಉದಾರ ಮಾತು ಅದು. ಎಲ್ಲರೂ ಎಂದರೆ ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ಆಳು, ಅಂದರೆ ಯಜಮಾನರು. ಮಗಳು ಫೋನಿನಲ್ಲಿ ‘ಅವ್ವಗ’ ಎಂದಿದ್ದಳು. ಬಸಣ್ಣ ಕೇಳಿಸಿಕೊಂಡು ಯಜಮಾನರ ಎತ್ತರ ಕೇಳಿದ್ದ. ನಾನು ಆ ಎತ್ತರವನ್ನು ಕಾಲೇಜಿನಲ್ಲಿ ಕಲಿತ ದೇಹದಳತೆಯ ಕೋಷ್ಟಕಕ್ಕೆ ಒಪ್ಪಿಸಿದ್ದೆ. ಆ ಕೋಷ್ಟಕದಲ್ಲಿ ಒಬ್ಬ ಸರಾಸರಿ ಮನುಷ್ಯ ವಾಸವಾಗಿದ್ದಾನೆ. ಅವನ ತೊಡೆ ಉದ್ದ, ಭುಜ ಅಗಲ. ಅವನನ್ನು ಯಾರೂ ಎಲ್ಲಿಂದಲೂ ಕರೆಯುವುದಿಲ್ಲ. ಕೂತನೆಂದರೆ ಒರಗುತ್ತಾನೆ, ಒರಗಿದನೆಂದರೆ ತಾನಾಗಿ ಏಳುವವರೆಗೆ ಏಳುವುದಿಲ್ಲ. ನನ್ನ ಬಿಲ್ಲುಗಳೆಲ್ಲ ಅವನನ್ನು ನಂಬಿ ಬಾಗಿದ್ದವು.

ಹಾಗೆಂದು ಕೂರುವವರ ರೂಢಿಗೆ ನಾವು ತಲೆಬಾಗುವುದೇ ಇಲ್ಲವೆಂದಲ್ಲ. ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ವೃದ್ಧ ಭಿಕ್ಷುವೊಬ್ಬರು ಒರಗುಕುರ್ಚಿ ಬೇಕೆಂದು ಬಂದಿದ್ದರು. ಕುರ್ಚಿಯ ಮೇಲೂ ಅವರು ಪದ್ಮಾಸನದಲ್ಲೇ ಕೂರುವವರು. ಬಸಣ್ಣ ಮರುಮಾತಿಲ್ಲದೆ ಸೀಟನ್ನು ಅಗಲ ಮಾಡಿಸಿದ, ಭಾರ ಹಿಂದಕ್ಕೆ ಬೀಳುವುದೆಂದು ಹಿಂಗಾಲುಗಳನ್ನು ನಾನು ಚಾಚಿಸಿದೆ, ಕುರ್ಚಿ ಹೊರಡುವಾಗ ಎಲ್ಲರೂ ಕೈಮುಗಿದೆವು. ಜೋಯಿಡಾ ಕಡೆಯ ಒಂದು ರೆಸಾರ್ಟಿನವರು, ಪ್ರವಾಸಿಗಳು ಕೈಪಟ್ಟಿಯ ಮೇಲೆ ಹತ್ತಿ ಕೂತು ನದಿಯ ಫೋಟೋ ತೆಗೆಯುತ್ತಾರೆಂದರು. ಕೈಪಟ್ಟಿಗೆ ಜೋಡು ಪ್ಲೈವುಡ್ ಹಾಕಿದೆವು. ‘ಕೈಪಟ್ಟಿ ಕೂಡೂ ಜಾಗಾ ಅಲ್ರಿ’ ಎಂದು ಅವರಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಭಿಕ್ಷು ಕಾಲು ಮಡಚಿದರೆ ಅದು ಅಗತ್ಯ, ಪ್ರವಾಸಿ ಎಲ್ಲೆಂದರಲ್ಲಿ ಹತ್ತಿದರೆ ಅದು ಬಳಕೆ, ಹಳಿಯಾಳದ ಹೆಂಗಸು ತುದಿಯಲ್ಲಿ ಕೂತರೆ ಅದು ಮಾತ್ರ ‘ಕೂಡಾಕ ಬರೂದಿಲ್ಲ.’ ಈ ಅನ್ಯಾಯ ನನ್ನ ತಲೆಗೆ ಎಷ್ಟು ಏರಿತೆಂದರೆ ಚಹಾ ಆರಿ ಕೆನೆ ಕಟ್ಟಿತು. ಕುಡಿಯಲು ಬಗ್ಗಿದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಪದವಿ ಪಡೆದವಳು, ಅವಿವಾಹಿತೆ, ಯಾರ ಹಾಲೂ ಉಕ್ಕದಂತೆ ಕಾಯುವ ಹೊಣೆಯಿಲ್ಲದ ನಾನೂ ಅವರ ಮನೆಯ ಸೋಫಾದ ತುದಿಯಲ್ಲೇ ಕೂತಿದ್ದೆ.

ಅಳತೆಪಟ್ಟಿ ಹೊರತೆಗೆದು ಕಾಕುವನ್ನು ಕರೆದೆ. ಮಂಡಿಯಿಂದ ನೆಲಕ್ಕೆ, ಸೊಂಟದಿಂದ ಮಂಡಿಗೆ, ಒಂದು ಮೊಣಕೈಯಿಂದ ಇನ್ನೊಂದಕ್ಕೆ.

“ಇದೇನ ಬೇ, ಕುರ್ಚಿಗೆ ಜಂಪರ್ ಹೊಲಸ್ತೀಯೇನ?” ಎಂದು ನಕ್ಕರು. ನಕ್ಕು ಮುಗಿದ ಮೇಲೆ, ತೋಳು ತುಸು ಎತ್ತಿಯೇ ನಿಂತು ಹೇಳಿದರು: “ದರ್ಜಿ ಬಿಟ್ರ ನನ್ನ ಅಳತಿ ಯಾರೂ ತಗೊಂಡಿಲ್ಲ ನೋಡು.”

“ಕುರ್ಚಿ ಬೇಕೇನ್ರಿ ನಿಮಗ? ಖರೇ ಹೇಳ್ರಿ.”

ಅವರು ಹಿತ್ತಲ ಕಡೆ ನೋಡಿದರು. “ಮಗಳು ಕೊಡಿಸ್ಯಾಳ. ಮಧ್ಯಾಹ್ನ ಅವರು ಮಲಗಿದಾಗ ತುದಿಗೇ ಕಾಲೂರಿ ಕೂತ ಒಂದೀಟ ತೂಗತೇನಿ. ಮಂಡಿಗೆ ಹಗರ ಅನಸತೈತಿ,” ಎಂದು, ಇನ್ನೂ ಸಣ್ಣ ದನಿಯಲ್ಲಿ, “ಬೇಕ,” ಎಂದರು.

ಹೊರಡುವಾಗ ಕಾಕಾ ಎದೆಯುಬ್ಬಿಸಿ ನೆಟ್ಟಗೆ ನಿಂತಿದ್ದರು. “ನನ್ನ ಅಳತಿ?”

“ನಿಮ್ಮ ಅಳತಿ ನಮ್ಮ ಹತ್ರ ಐತ್ರಿ ಕಾಕಾ,” ಎಂದೆ. ಸುಳ್ಳೇನಲ್ಲ. ಟೆಂಪೋದಲ್ಲಿ ನನ್ನ ಹಿಂದೆ ತೂಗಾಡುತ್ತ ಬಂದದ್ದು ಅದೇ.

ಕುರ್ಚಿ ಇಳಿಸುವುದನ್ನು ನೋಡಿ ಬಸಣ್ಣ, “ತವರಮನಿಗೆ ಬಂದಳಲ್ಲ ನಿನ್ನ ಮಗಳು,” ಎಂದ. ನನಗೆ ನಗು ಬರಲಿಲ್ಲ. ಬಿಲ್ಲಿನ ಮುಂದಿನ ತುದಿಯನ್ನು ಉದ್ದ ಮಾಡಿ, ಅಲ್ಲಿ ಬಾಗು ಕಡಿಮೆ ಮಾಡಿದರೆ ತುದಿಯಲ್ಲಿ ಕೂತರೂ ಕುರ್ಚಿ ಮುಗ್ಗರಿಸುವುದಿಲ್ಲ ಎಂದು ವಿವರಿಸಿದೆ. ಅವನಿಗೆ ಅದಕ್ಕಿಂತ ಸುಲಭದ ದಾರಿ ಹೊಳೆದಿತ್ತು. “ಬಿಲ್ಲಿನ ಅಡಿಗೆ ಒಂದು ಕಟ್ಟಿಗಿ ತುಂಡ ಬಡದಬಿಡು. ತೂಗೂದ ನಿಂತ್ರ ಬೀಳೂದೂ ನಿಲ್ಲತೈತಿ.” ತೂಗದ ತೂಗುಕುರ್ಚಿ! ಹೆಂಗಸರ ಸಮಸ್ಯೆಗಳಿಗೆ ಈ ಬಗೆಯ ಪರಿಹಾರವನ್ನು ನಾನು ಬೇರೆ ಕಡೆಗಳಲ್ಲೂ ಕಂಡಿದ್ದೇನೆ. ಮನೆಗೆ ಹೋಗಿ, ಊಟ ಮಾಡಿ, ಮುಗ್ಗರಿಸದ ಬಿಲ್ಲಿನ ಲೆಕ್ಕ ಹಾಕಿದೆ. ಕಾಕುವಿಗೆ ಒರಗುವುದನ್ನು ಕಲಿಸುವ ಹಕ್ಕು ನನಗಿಲ್ಲ. ತುದಿಯಲ್ಲಿ ಕೂತರೆ ಬೀಳದಂತೆ, ಹಿಂದೆ ಸರಿದರೆ ಕಾಲು ನೆಲ ಬಿಡದಂತೆ ನೋಡಿಕೊಳ್ಳುವುದು ಮಾತ್ರ ನನ್ನ ಕೆಲಸ. ಅಷ್ಟಾದರೂ ಒಂದು ಭಯ ಉಳಿಯಿತು. ಕುರ್ಚಿ ಎಷ್ಟು ಚೆನ್ನಾಗಿ ತೂಗಿದರೆ, ಅದರಲ್ಲಿ ಕಾಕಾ ಕೂರುವುದೂ ಅಷ್ಟೇ ಖಚಿತ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಹೊಸ ಬಿಲ್ಲುಗಳನ್ನು ಕತ್ತರಿಸಿದೆ. ಹಳೆಯ ಚೌಕಟ್ಟನ್ನು ಬಿಚ್ಚಿ, ಸೀಟಿನ ಆಳ ಇಳಿಸಿದೆ. ಎರಡು ಪಕ್ಕಗಳನ್ನು ಹಿಡಿದಿಡುವ ಅಡ್ಡಪಟ್ಟಿಗೆ ಕಾಕುವಿನ ಮೊಣಕೈಯಿಂದ ಮೊಣಕೈಯ ಅಳತೆಯಲ್ಲಿ ಪೆನ್ಸಿಲಿನ ಗೆರೆ ಎಳೆಯುವಾಗ ಬಸಣ್ಣ ಬಂದು ಹಿಂದೆ ನಿಂತ.

“ಇಷ್ಟ ಸಣ್ಣದ ಮಾಡಿದ್ರ ಕಾಕಾ ಹಿಡಿಯೂದಿಲ್ಲಲ್ಲ ತಂಗಿ.”

“ಇಲ್ರಿ.”

“ಮತ್ತ ಕೇಳಿದ್ರ ಏನ ಹೇಳಲಿ ಅವರಿಗೆ?”

“ಇದು ಕಾಕೂನ ಅಳತಿ ಅಂತ ಹೇಳ್ರಿ,” ಎಂದು ಗರಗಸ ಚಾಲೂ ಮಾಡಿದೆ.