ತುತ್ತತುದಿಯ ಸೊನ್ನೆ

ದೊಡ್ಡಬಳ್ಳಾಪುರದ ಹೈಸ್ಕೂಲಿಗೆ ನಾನು ಮೇಷ್ಟರಾಗಿ ಹೋದಾಗ ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ನನಗೆ ಇಪ್ಪತ್ಮೂರು ವರ್ಷ. ಓದಿದ್ದು ಸಸ್ಯಶಾಸ್ತ್ರ. ಭೌತಶಾಸ್ತ್ರ ಹೇಳುತ್ತಿದ್ದವರು ಬೆಂಗಳೂರಿನಲ್ಲಿ ಮಿಲಿಟರಿ ಕೆಲಸ ಸಿಕ್ಕಿತೆಂದು ಬಿಟ್ಟುಹೋಗಿದ್ದರು. ಹೆಡ್ಮಾಸ್ಟರು ನನ್ನನ್ನು ಕರೆದು, "ಸೈನ್ಸ್ ಅಂದ್ಮೇಲೆ ಎಲ್ಲಾ ಒಂದೇ ಅಲ್ವೇನಪ್ಪಾ, ನೀವೇ ತಗೊಂಡ್ಬಿಡಿ" ಎಂದರು. ನನಗೆ ಬರುವುದಿಲ್ಲ ಎಂದು ಹೇಳಬಹುದಿತ್ತು. ಹೊಸ ಕೋಟು ಹೊಲಿಸಿಕೊಂಡು ಬಂದಿದ್ದೆ. ಅದನ್ನು ಹಾಕಿಕೊಂಡು ಹಾಗೆ ಹೇಳಲು ಬಾಯಿ ಬರಲಿಲ್ಲ.

ಹಿಂದಿನ ಸಂಜೆ ಪುಸ್ತಕದಲ್ಲಿ ಎರಡು ಪುಟ ಓದಿಕೊಂಡು ಮರುದಿನ ಅದನ್ನೇ ಒಪ್ಪಿಸುವುದು ನನ್ನ ಪಾಠ. ವೇಗ, ವೇಗೋತ್ಕರ್ಷದ ಪಾಠವನ್ನೂ ಹಾಗೆಯೇ ಮಾಡಿದೆ. ಸೆಕೆಂಡಿಗೆ ಎಷ್ಟು ದೂರ, ಯಾವ ದಿಕ್ಕಿಗೆ ಹೋಗುತ್ತದೆ ಎಂಬುದು ವೇಗ. ಆ ವೇಗ ಸೆಕೆಂಡಿಗೆ ಎಷ್ಟು ಬದಲಾಗುತ್ತದೆ ಎಂಬುದು ವೇಗೋತ್ಕರ್ಷ. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಆಮೇಲೆ ಪುಸ್ತಕದಲ್ಲಿಲ್ಲದ್ದನ್ನು ಸ್ವಂತ ಬುದ್ಧಿಯಿಂದ ಸೇರಿಸಿದೆ. ಸೀಮೆಸುಣ್ಣದ ತುಂಡನ್ನು ಮೇಲಕ್ಕೆಸೆದು ಹಿಡಿದು, "ತುತ್ತತುದಿಯಲ್ಲಿ ಇದು ಒಂದು ಕ್ಷಣ ನಿಲ್ಲುತ್ತೆ. ಅಲ್ಲಿ ವೇಗ ಸೊನ್ನೆ. ವೇಗವೇ ಇಲ್ಲ ಅಂದ್ಮೇಲೆ ವೇಗೋತ್ಕರ್ಷವೂ ಸೊನ್ನೆ. ಬರ್ಕೊಳ್ಳಿ" ಎಂದೆ. ಎಲ್ಲರೂ ಬರೆದುಕೊಂಡರು.

ಆ ತರಗತಿಯಲ್ಲಿ ಹೆಣ್ಣುಮಕ್ಕಳು ಮೂವರೇ. ಬಾಗಿಲ ಪಕ್ಕದ ಬೆಂಚು ಅವರದು. ಅವರಲ್ಲಿ ನೇಕಾರರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಅಲ್ಲಿಯವರೆಗೆ ಅವಳ ದನಿಯನ್ನು ನಾನು ಹಾಜರಿ ಕೂಗುವಾಗ ಮಾತ್ರ ಕೇಳಿದ್ದೆ.

"ಸಾರ್, ಒಂದು ಕೇಳ್ಲಾ?"

"ಕೇಳಮ್ಮಾ."

"ನಮ್ಮನೆ ಮಗ್ಗದಲ್ಲಿ ಲಾಳಿ ಈ ಕಡೆಯಿಂದ ಆ ಕಡೆಗೆ ಓಡಿ ನಿಂತ್ಕೊಳ್ತದೆ ಸಾರ್. ನಿಂತ್ರೆ ನಿಂತೇ ಇರ್ತದೆ. ನಮ್ಮಪ್ಪ ಮತ್ತೆ ಹಗ್ಗ ಎಳೆದ್ರೇನೇ ಅದು ವಾಪಸ್ ಬರೋದು. ಸೀಮೆಸುಣ್ಣ ಮೇಲೆ ನಿಂತಾಗ ವೇಗಾನೂ ಇಲ್ಲ, ವೇಗ ಬದಲಾಗೋದೂ ಇಲ್ಲ ಅಂದ್ರೆ ಅದು ಅಲ್ಲೇ ನಿಂತಿರಬೇಕಲ್ವಾ ಸಾರ್? ಕೆಳಕ್ಕೆ ಯಾಕೆ ಬರ್ತದೆ?"

ಅವಳು ಹೇಳಿದ್ದರಲ್ಲಿ ಏನೋ ಇದೆ ಎಂದು ಆ ಕ್ಷಣವೇ ಹೊಳೆದಿತ್ತು. ಅದಕ್ಕೇ ಸಿಟ್ಟು ಬಂತು.

"ಲಾಳಿ, ಮಗ್ಗ ಎಲ್ಲಾ ಮನೇಲೇ ಬಿಟ್ಟು ಬಾಮ್ಮಾ" ಎಂದೆ. "ಇಲ್ಲಿ ಹೇಳ್ತಿರೋದು ಸೈನ್ಸು. ಸೀರೆ ನೇಯೋದಲ್ಲ."

ಹುಡುಗರು ಗೊಳ್ಳೆಂದು ನಕ್ಕರು. ಅವರಲ್ಲೂ ಅರ್ಧ ಜನ ಮಗ್ಗದ ಮನೆಯವರೇ, ಅವರೂ ನಕ್ಕರು. ನಾನೂ ನಕ್ಕೆ. ಅವಳು ಸೆರಗನ್ನು ಎಳೆದುಕೊಂಡು ಕೂತಳು.

ಭಾನುವಾರ, ಪೆಟ್ರೋಲಿಲ್ಲದ ಆ ಕಾಲದ ಇದ್ದಿಲ ಗ್ಯಾಸಿನ ಬಸ್ಸು ಹತ್ತಿ, ಮೈಯೆಲ್ಲ ಮಸಿ ಮಾಡಿಕೊಂಡು ಬೆಂಗಳೂರಿಗೆ ಹೋದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಗೆಳೆಯನೊಬ್ಬ ಅಲ್ಲಿದ್ದ. ಯಾರೋ ಹುಡುಗರು ಕೇಳಿದರು ಎಂಬಂತೆ ವಿಷಯ ತೆಗೆದೆ. ಅವನು ಕಾಫಿ ಲೋಟ ಕೆಳಗಿಟ್ಟು ಒಂದು ಹಾಳೆ ತೆಗೆದುಕೊಂಡ.

"ನೋಡೋ, ಸೆಕೆಂಡಿಗೆ ಮೂವತ್ತೆರಡು ಅಡಿ ವೇಗದಲ್ಲಿ ಮೇಲಕ್ಕೆ ಹೋಗ್ತಿದೆ ಅಂತಿಟ್ಕೋ. ಒಂದು ಸೆಕೆಂಡಾದ್ಮೇಲೆ ವೇಗ ಸೊನ್ನೆ. ಇನ್ನೊಂದು ಸೆಕೆಂಡಾದ್ಮೇಲೆ ಅದೇ ಮೂವತ್ತೆರಡು, ಆದ್ರೆ ಕೆಳಕ್ಕೆ. ಒಂದೊಂದು ಸೆಕೆಂಡಿಗೂ ಬದಲಾಗಿದ್ದು ಅಷ್ಟಷ್ಟೇ. ಸೊನ್ನೆ ಅನ್ನೋದು ದಾರೀಲಿ ಸಿಕ್ಕ ಒಂದು ಲೆಕ್ಕ ಕಣೋ. ಬದಲಾಗೋದು ಅಲ್ಲಿ ನಿಲ್ಲೋದೇ ಇಲ್ಲ. ನಿಂತಿದ್ರೆ ನಿನ್ನ ಸೀಮೆಸುಣ್ಣ ಇನ್ನೂ ಮೇಲೇ ಇರ್ತಿತ್ತು."

ಅವಳು ಹೇಳಿದ್ದೂ ಇದನ್ನೇ. ಲೆಕ್ಕ ಬರೆದಿರಲಿಲ್ಲ ಅಷ್ಟೆ. ಗೆಳೆಯ ಇನ್ನೇನೋ ಹೇಳುತ್ತಿದ್ದ. ನನ್ನ ಕಿವಿಯಲ್ಲಿ ತರಗತಿಯ ನಗುವೇ ತುಂಬಿತ್ತು.

ನಾಚಿಕೆಯ ಮಾತು ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ತಪ್ಪು ಹೇಳಿದೆ, ಆ ಹುಡುಗಿ ಹೇಳಿದ್ದೇ ಸರಿ ಎನ್ನಬೇಕೆಂದು ಬಸ್ಸಿನಲ್ಲಿ ಹತ್ತು ಸಲ ಅಂದುಕೊಂಡೇ ವಾಪಸು ಬಂದೆ. ಸೋಮವಾರ ತರಗತಿಗೆ ಕಾಲಿಟ್ಟ ಕೂಡಲೇ ಬೇರೆ ಮಾತು ಬಂತು.

"ಮೊನ್ನೆ ನಾನು ಹೇಳಿದ್ದನ್ನ ಕೆಲವರು ತಪ್ಪಾಗಿ ಬರ್ಕೊಂಡಿದ್ದೀರಿ. ತುದಿಯಲ್ಲಿ ವೇಗ ಸೊನ್ನೆ. ವೇಗೋತ್ಕರ್ಷ ಸೊನ್ನೆ ಅಲ್ಲ. ಅದು ಮೂವತ್ತೆರಡೇ. ತಿದ್ದಿಕೊಳ್ಳಿ."

ಹುಡುಗರು ಮುಖ ಮುಖ ನೋಡಿಕೊಂಡರು. ಅವಳು ತಲೆಯೆತ್ತಿ ನನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಬಗ್ಗಿ ತಿದ್ದಿಕೊಂಡಳು.

ಆ ವಾರ ನೋಟ್‌ಬುಕ್ಕುಗಳು ನನ್ನ ಮೇಜಿಗೆ ಬಂದವು. ಅವಳು ರೂಲುದೊಣ್ಣೆ ಇಟ್ಟು ಹಳೆಯ ಸಾಲನ್ನು ನೇರವಾಗಿ ಹೊಡೆದುಹಾಕಿ, ಮೇಲೆ ಹೊಸ ಸಾಲು ಬರೆದಿದ್ದಳು. ಗೀಟಿನ ಕೆಳಗಿದ್ದದ್ದು ಅಕ್ಷರ ಬಿಡದಂತೆ ಮೊದಲ ದಿನದ ನನ್ನದೇ ಮಾತು. ನಾನು ಕೆಂಪು ಮಸಿಯಲ್ಲಿ ಸರಿ ಗುರುತು ಹಾಕಿ, ಪಕ್ಕದಲ್ಲಿ 'ಗುಡ್' ಎಂದು ಬರೆದೆ. ಪುಸ್ತಕ ಮುಚ್ಚಿ ಮುಂದಿನದನ್ನು ತೆಗೆದುಕೊಂಡೆ.

ಅವಳು ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾದಳು.

ನಾಲ್ಕೈದು ವರ್ಷಗಳ ಮೇಲೆ ದೇವನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ ಹೆಂಗಸು ಬಂದು ಕೈಮುಗಿದಳು. ಅವಳೇ. ಅಲ್ಲಿಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಟೀಚರಾಗಿದ್ದೇನೆ ಎಂದಳು. ಯೋಗಕ್ಷೇಮ ಮುಗಿಯುವ ಮೊದಲೇ ನಾನು ಹೇಳಿಬಿಟ್ಟೆ.

"ಆವತ್ತು ತಪ್ಪು ಹೇಳಿದ್ದು ನಾನೇ ಕಣಮ್ಮಾ. ನೀನು ಹೇಳಿದ್ದೇ ಸರಿ."

"ಗೊತ್ತಿತ್ತು ಸಾರ್."

"ಗೊತ್ತಿದ್ದೂ ಸುಮ್ಮನಿದ್ಯಾ?"

"ನೀವೇ ಹೇಳ್ತೀರ ಅಂತ ಕಾಯ್ತಿದ್ದೆ. ವರ್ಷವೆಲ್ಲಾ ಕಾದೆ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಆಮೇಲೆ ಕೇಳಿದಳು: "ಮುಂದಿನ ವರ್ಷದೋರಿಗೆ ಸರಿಯಾಗಿ ಹೇಳಿದ್ರಾ ಸಾರ್?"

"ಹೇಳಿದೆ" ಎಂದೆ. ಅದು ಸುಳ್ಳಲ್ಲ. ಸರಿಯಾಗಿಯೇ ಹೇಳಿದ್ದೆ, ಪ್ರತಿ ವರ್ಷವೂ, ಮಗ್ಗದ ಲಾಳಿಯ ಉದಾಹರಣೆ ಕೊಟ್ಟೇ ಹೇಳುತ್ತಿದ್ದೆ. ಆ ಉದಾಹರಣೆ ಯಾರದೆಂದು ಮಾತ್ರ ಯಾವ ತರಗತಿಗೂ ಹೇಳಿರಲಿಲ್ಲ. ಅದನ್ನು ಅವಳೆದುರೂ ಹೇಳಲಾಗಲಿಲ್ಲ.