ಯಾವ ಪುನರ್ವಸತಿ?

ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆಯಾಗಿ ಕೂತವರಿಗೆ ಮನುಷ್ಯರ ಮೇಲೆ ನಂಬಿಕೆ ಉಳಿಯುವುದು ಕಷ್ಟ. ಒಂದೇ ಮಗುವಿಗೆ ಮೂರು ಹುಟ್ಟಿದ ದಿನ, ಎರಡು ಅಡ್ಡಹೆಸರು, ಸತ್ತು ಹೋದ ಅಜ್ಜನ ಸಹಿ, ಇವನ್ನೆಲ್ಲ ನೋಡಿ ನೋಡಿ ನನ್ನ ಕಣ್ಣು ಕೆಟ್ಟಿತ್ತು. ಅದಕ್ಕೂ ಮೊದಲೇ ಕೆಡಿಸಿದವಳು ನಮ್ಮವ್ವ. ನಮ್ಮದು ಬನಹಟ್ಟಿಯ ನೇಕಾರರ ಮನೆ. ನೇಯ್ದ ಸೀರೆಯನ್ನು ಮಡಿಸುವ ಮೊದಲು ಅವ್ವ ಅದನ್ನು ಬೆಳಕಿಗೆ ಹಿಡಿದು, ಅಂಚಿನಿಂದ ಅಂಚಿಗೆ ಬೆರಳಾಡಿಸಿ, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಉಳಿದಿದೆ ಎಂದು ಹುಡುಕುತ್ತಿದ್ದಳು. ಏನೂ ಸಿಗದಿದ್ದರೆ ಅವಳಿಗೆ ಸಮಾಧಾನವೇ ಆಗುತ್ತಿರಲಿಲ್ಲ, ಇನ್ನೊಮ್ಮೆ ಹುಡುಕುತ್ತಿದ್ದಳು. ನಾನು ಮಗ್ಗ ಬಿಟ್ಟು ಪಗಾರದ ಕೆಲಸಕ್ಕೆ ಸೇರಿದೆ. ಬೆರಳಾಡಿಸುವ ಚಟ ಮಾತ್ರ ನನ್ನ ಜೊತೆಗೇ ಬಂತು.

ಆ ಚಟ ಕಂಡೇ ಓಣಿಯ ಹೆಂಗಸರು ನನ್ನನ್ನು ಒಂದು ಕೆಲಸಕ್ಕೆ ಕೂರಿಸಿದರು. ಓಣಿಯ ತುದಿಯಲ್ಲಿ ಒಬ್ಬ ಅಜ್ಜಿಯ ಮನೆಯಿತ್ತು. ಪವರ್‌ಲೂಮುಗಳ ಸದ್ದು ಹೆಚ್ಚಾದ ಮೇಲೆ ಅವಳ ನಾಲ್ಕು ಕುಣಿಮಗ್ಗಗಳಲ್ಲಿ ಮೂರು ನಿಂತುಹೋಗಿದ್ದವು. ಅವನ್ನು ತೆಗೆಸಿ, ನೇಕಾರರು ಕಾಲು ಇಳಿಬಿಡುವ ಕುಣಿಗಳಿಗೆ ಹಲಗೆ ಮುಚ್ಚಿಸಿ, ಆ ಪಡಸಾಲೆಯಲ್ಲಿ ನಾವು ಎಂಟು ಚಾಪೆ ಹಾಸಿದೆವು. ಮನೆಯಿಂದ ಓಡಿಬಂದ, ಹೊರಗೆ ಹಾಕಿಸಿಕೊಂಡ, ಎಲ್ಲಿಯೂ ನೆಲೆ ಇಲ್ಲದ ಹದಿನೆಂಟು ಇಪ್ಪತ್ತರ ಹುಡುಗಿಯರಿಗೆಂದು ಮಾಡಿದ್ದು. ಆರು ಮನೆಯವರು ಸರದಿಯಂತೆ ರೊಟ್ಟಿ, ಪಲ್ಯ ಕೊಡುತ್ತಿದ್ದೆವು. ಹಗಲು ಹುಡುಗಿಯರು ಕಂಡಿಕೆ ಸುತ್ತುತ್ತಿದ್ದರು, ಅಂದರೆ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ. ಚಾಪೆ ಎಂಟೇ ಇದ್ದುದರಿಂದ ನಮ್ಮದೊಂದು ನಿಯಮ: ಮನೆ ಇದ್ದವಳನ್ನು ಬುದ್ಧಿ ಹೇಳಿ ಮನೆಗೆ ಮುಟ್ಟಿಸಬೇಕು, ಇಲ್ಲದವಳಿಗೆ ಚಾಪೆ. ಯಾರಿಗೆ ಇದೆ, ಯಾರಿಗೆ ಇಲ್ಲ ಎಂದು ಕೇಳಿ ತೀರ್ಮಾನಿಸುವವಳು ನಾನು. ಹುಡುಗಿಯರು ನನ್ನ ಬೆನ್ನ ಹಿಂದೆ ‘ಫೌಜದಾರ್ ಅಕ್ಕ’ ಎನ್ನುತ್ತಿದ್ದರು. ಕಿವಿಗೆ ಬಿದ್ದಾಗ ಸಿಟ್ಟು ಬಂದವಳಂತೆ ಮಾಡುತ್ತಿದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ.

ಆ ಹುಡುಗಿ ಬಂದದ್ದು ಒಂದು ಸಂಜೆ, ನಾನು ಸಾಲೆಯಿಂದ ಬಂದು ಅಜ್ಜಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾಗ. ಕೈಯಲ್ಲಿ ಒಂದು ಬಟ್ಟೆಯ ಚೀಲ. ನನಗೆ ಮೊದಲು ಅನುಮಾನ ತಂದದ್ದು ಅವಳ ತಲೆ. ಎಣ್ಣೆ ಹಚ್ಚಿ ನೀಟಾಗಿ ಬಾಚಿ, ಎರಡು ಜಡೆ ಹಾಕಿ, ಎರಡಕ್ಕೂ ಒಂದೇ ಬಣ್ಣದ ರಿಬ್ಬನ್ನು ಕಟ್ಟಿದ್ದಳು. ದಿಕ್ಕಿಲ್ಲದೆ ಬಂದ ಹುಡುಗಿಯರ ತಲೆ ಹಾಗಿರುವುದನ್ನು ನಾನು ಕಂಡಿರಲಿಲ್ಲ.

“ಯಾವೂರವ್ವ ನಿಂದು?” ಎಂದೆ.

“ಪುನರ್ವಸತಿ ಕೇಂದ್ರದಿಂದ ಬಂದೇನ್ರಿ.”

ನಮ್ಮ ಜಿಲ್ಲೆಯಲ್ಲಿ ಆ ಮಾತಿಗೆ ಇರುವುದು ಒಂದೇ ಅರ್ಥ. ಆಲಮಟ್ಟಿ ಅಣೆಕಟ್ಟಿನ ನೀರು ಏರಿ ಮುಳುಗಡೆಯಾದ ಊರಿನವರಿಗೆ ಸರಕಾರ ಎತ್ತರದ ಜಾಗದಲ್ಲಿ ಗೆರೆ ಎಳೆದು ಕಟ್ಟಿಸಿದ ಹೊಸ ಊರು. ಬೀಳಗಿ ಕಡೆ ಹೋದರೆ ದಾರಿಯುದ್ದಕ್ಕೂ ಅದೇ ಬೋರ್ಡುಗಳು. ಆ ಊರುಗಳವರಿಗೆ ತಲಾ ಒಂದು ನಿವೇಶನ, ಮನೆ, ಮನೆಯ ಮುಂದೆ ರಸ್ತೆ. ನನ್ನ ಮನಸ್ಸು ಅಲ್ಲಿಯೇ ತೀರ್ಪು ಬರೆದುಬಿಟ್ಟಿತು: ಇವಳಿಗೆ ಮನೆ ಇದೆ.

“ಬೀಳಗಿ ಕಡೇದೇನು?”

“ಹೂಂರಿ. ನಾ ಬೀಳಗಿಯಾಕಿ ಅಂತರಿ.”

“ಅಂತ ಅಂದ್ರ?”

“ಹಂಗ ಹೇಳ್ತಾರ್ರಿ.”

ತನ್ನ ಊರನ್ನು ಬೇರೆಯವರ ಬಾಯಿಂದ ಕೇಳಿದವಳಂತೆ ಹೇಳುತ್ತಾಳಲ್ಲ ಎನಿಸಿತು. “ಮನ್ಯಾಗ ಯಾರ್ಯಾರದಾರ?”

“ದೊಡ್ಡವ್ವಾರ ಅದಾರ್ರಿ. ಭಾಳ ಮಂದಿ ಇದ್ವಿರಿ ನಾವು.”

“ಮತ್ತ ಬಿಟ್ಟ ಯಾಕ ಬಂದಿ?”

“ಹದಿನೆಂಟ ತುಂಬಿತಲ್ರಿ. ಇನ್ನ ಇಟ್ಕೊಳ್ಳಾಕ ಬರಂಗಿಲ್ಲ, ಬನಹಟ್ಟ್ಯಾಗ ಕೆಲಸ ಸಿಗತೈತಿ ಹೋಗು ಅಂದ್ರು ದೊಡ್ಡವ್ವಾರು.”

ಇಷ್ಟು ಸಾಕಾಯಿತು ನನಗೆ. ತುಂಬಿದ ಮನೆ, ತಾಯಿಯ ಅಕ್ಕ, ಹದಿನೆಂಟು ತುಂಬಿದ ಕೂಡಲೇ ಮದುವೆಯ ಮಾತು, ಅದಕ್ಕೊಂದು ಜಗಳ, ಹುಡುಗಿ ಸಿಡುಕಿಕೊಂಡು ಬಸ್ಸು ಹತ್ತಿದ್ದಾಳೆ. ಅವಳು ಚೀಲದೊಳಗೆ ಕೈ ಹಾಕಿ, “ಕಾಗದ ಅದಾವ್ರಿ, ತೋರಸ್ಲೇನ್ರಿ?” ಎಂದಳು. ನನಗೆ ನಗು ಬಂತು.

“ಕಾಗದ ನನಗ ತೋರಸಬ್ಯಾಡ ತಂಗಿ. ದಿನಾ ಅದನ್ನ ಬರಿಯಾಕಿ ನಾ.”

ಅವಳು ಕೈ ಹೊರಗೆ ತೆಗೆದಳು. ಕೂಡು ಎನ್ನುವವರೆಗೂ ನಿಂತೇ ಇದ್ದಳು.

ಎಂಟನೆಯ ಚಾಪೆ ಆ ವಾರ ಖಾಲಿ ಇತ್ತು. ಭಾನುವಾರದವರೆಗೆ ಇರಲಿ ಎಂದೆ. ಆ ನಾಲ್ಕು ದಿನ ನಾನು ಅವಳ ಮೇಲೆ ಕಣ್ಣಿಟ್ಟದ್ದು ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ. ನೀರು ಕುಡಿಯಲೂ ಅಪ್ಪಣೆ ಕೇಳುತ್ತಿದ್ದಳು. ಉಂಡ ತಾಟನ್ನು ತೊಳೆದು, ಉಳಿದವರ ತಾಟುಗಳನ್ನೂ ಸೇರಿಸಿ, ಗೋಡೆಗುಂಟ ಒಂದೇ ಸಾಲಿನಲ್ಲಿ ಬೋರಲು ಹಾಕುತ್ತಿದ್ದಳು. ಹಗ್ಗದ ಮೇಲೆ ಒಣಹಾಕಿದ ಅವಳ ಲಂಗದ ಪಟ್ಟಿಯ ಒಳಗೆ ಕೆಂಪು ದಾರದಲ್ಲಿ ‘೧೪’ ಎಂದು ಹೊಲಿದದ್ದು ಕಂಡಿತು. ಯಾರದೋ ಲಾಂಡ್ರಿಯಿಂದ ಎತ್ತಿಕೊಂಡು ಬಂದಿದ್ದಾಳೆ ಎಂದುಕೊಂಡೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಎದೆ ಹಾರಿಸಿದ್ದು ಅವಳ ನೋಟ. ರೊಟ್ಟಿ ತಂದ ಹೆಂಗಸರ ಮುಖವನ್ನು ಅವಳು ನೋಡುತ್ತಿರಲಿಲ್ಲ, ಕಿವಿ ನೋಡುತ್ತಿದ್ದಳು. ಮೊದಲು ಎಡಗಿವಿ, ಆಮೇಲೆ ಬಲಗಿವಿ. ಒಬ್ಬ ಹೆಂಗಸು ಸೆರಗು ಹೊದ್ದು ಬಂದರೆ, ಸೆರಗು ಸರಿಯುವವರೆಗೆ ಕಾಯುತ್ತಿದ್ದಳು. ನಾನು ಮನೆಗೆ ಹೋಗಿ ನನ್ನ ಬೆಂಡೋಲೆ ಬಿಚ್ಚಿ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ನಮ್ಮ ಓಣಿಯ ಉಳಿದ ಐದು ಮನೆಗಳಿಗೂ ಹೋಗಿ ಹೇಳಿ ಬಂದೆ. ಮರುದಿನದಿಂದ ರೊಟ್ಟಿ ತಂದವರೆಲ್ಲ ಬೋಳು ಕಿವಿಯಲ್ಲಿ ಬಂದರು.

ಅಜ್ಜಿಗೆ ಇದು ಸರಿಬೀಳಲಿಲ್ಲ. “ಒಂದ ದಿನದಾಗ ಕಂಡಿಕಿ ಸುತ್ತೂದು ಕಲ್ತಾಳ. ಎಳಿ ಹರಿದ್ರ ಗಂಟ ಹಾಕಿ ಸುಮ್ಮ ಮುಂದ ಸುತ್ತತಾಳ. ಆಕಿ ಬೆನ್ನ ಹತ್ತಬ್ಯಾಡ, ಇರಲಿ ಬಿಡ,” ಎಂದಳು.

“ಮನಿ ಇದ್ದಾಕಿಗೆ ಚಾಪಿ ಕೊಟ್ರ, ನಾಳೆ ಖರೇನ ಇಲ್ಲದಾಕಿ ಬಂದ್ರ ಏನ ಮಾಡ್ತೀಯಬೇ?” ಎಂದೆ. ನಿಯಮ ನನ್ನ ಕಡೆಗಿತ್ತು. ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು.

ಶನಿವಾರ ಸಂಜೆ ಹುಡುಗಿಗೆ ಹೇಳಿದೆ: “ನಾಳೆ ಲಗೂನ ತಯಾರಾಗು. ಬೀಳಗಿ ಕಡೆ ಹೋಗೂಣು. ನಿನ್ನ ಮನಿಗೆ ಮುಟ್ಟಸ್ತೇನಿ.”

ಅತ್ತು ಕರೆದು ರಂಪ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನೇ ನೋಡಿದಳು. “ನಿಮಗ ನಮ್ಮ ಮನಿ ಗೊತ್ತಾತೇನ್ರಿ?”

“ಎಲ್ಲಾ ಗೊತ್ತಾಗೇತಿ,” ಎಂದೆ, ಫೌಜದಾರನ ಗತ್ತಿನಲ್ಲಿ.

ಅವಳ ಮುಖ ಅರಳಿತು. ನೋಡಿದಿರಾ, ಸುಳ್ಳು ಬಯಲಾದ ಮೇಲೆ ಈಗ ಹೋಗುವ ಆಸೆ ಬಂತು ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ. ಬೆಳಗ್ಗೆ ನಾನು ಬರುವ ಹೊತ್ತಿಗೆ ಅವಳು ತಲೆಗೆ ನೀರು ಹಾಕಿಕೊಂಡು, ಹಸಿ ಕೂದಲಿಗೇ ಎರಡು ಜಡೆ ಹೆಣೆದು ಬಾಗಿಲಲ್ಲಿ ನಿಂತಿದ್ದಳು. ಇನ್ನೊಬ್ಬ ಹುಡುಗಿಯ ಹತ್ತಿರ ಪೌಡರು ಕೇಳಿ ಹಚ್ಚಿಕೊಂಡಿದ್ದಳು.

ಜಮಖಂಡಿಯಲ್ಲಿ ಬಸ್ಸು ಬದಲಿಸಿದೆವು. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳುತ್ತಿತ್ತು. ಹುಡುಗಿ ಕಿಟಕಿಯ ಹೊರಗೆ ನೋಡಲೇ ಇಲ್ಲ. ಬಸ್ಸು ಹತ್ತಿದ ಪ್ರತಿಯೊಬ್ಬ ಹೆಂಗಸಿನ ಕಿವಿ ನೋಡಿದಳು. ನಾನು ಅವಳ ಕೈಗಳ ಮೇಲೆ ಕಣ್ಣಿಟ್ಟಿದ್ದೆ. ಬಾಡಗಂಡಿ ದಾಟಿದ ಮೇಲೆ ಮೆಲ್ಲಗೆ ಕೇಳಿದಳು, “ಅಕ್ಕಾರ, ಅವ್ವ ಅದಾಳೇನ್ರಿ ಅಲ್ಲಿ?”

“ನಿನ್ನವ್ವ ಇರೂದು ನನಗ ಕೇಳ್ತಿಯೇನ? ನಾಟಕ ಸಾಕ್ ಮಾಡ,” ಎಂದೆ.

ಮೊದಲು ಸಿಕ್ಕ ಪುನರ್ವಸತಿ ಕೇಂದ್ರದ ಬೋರ್ಡಿನ ಬಳಿ ಇಳಿದೆವು. “ಇದೇನು ನಿಮ್ಮದು?” ಎಂದರೆ, “ಇರಬೇಕ್ರಿ,” ಎಂದಳು. ಒಂದೇ ಅಳತೆಯ ನಿವೇಶನಗಳು, ನಡುವೆ ಜಾಲಿ ಬೆಳೆದ ಖಾಲಿ ಜಾಗ, ಹಳೆಯ ಊರಿನಿಂದ ಕಲ್ಲು ತಂದು ಮತ್ತೆ ಕಟ್ಟಿದ ಗುಡಿ. ಅವಳು ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದಳು. ಮೊದಲ ಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸಿನ ಎದುರು ನಿಂತು ನೋಡಿದಳು. ಮುಂದಿನ ಮನೆಗೆ ಹೋದಳು. ಅದರ ಮುಂದಿನದಕ್ಕೆ. ಯಾರೂ ‘ಬಂದೆಯಾ’ ಎನ್ನಲಿಲ್ಲ. ಗುಡಿಯ ಕಟ್ಟೆಯ ಮೇಲಿದ್ದ ಮುದುಕರೊಬ್ಬರು, “ಯಾರ ಪೈಕಿವಾ ನೀ? ಯಾವ ಮನಿತನ?” ಎಂದು ಕೇಳಿದರು. ಅವಳು, “ಗೊತ್ತಿಲ್ಲರಿ,” ಎಂದಳು. ಮುದುಕರು ನನ್ನ ಕಡೆ ನೋಡಿದರು.

ಆ ಊರಿನ ಅಂಗನವಾಡಿಯ ಬಾಯಿ, ಅಂದರೆ ಅಲ್ಲಿನ ಟೀಚರು, ನಮ್ಮನ್ನು ನೆರಳಿಗೆ ಕರೆದು ನೀರು ಕೊಟ್ಟರು. ಹುಡುಗಿ ಕುಡಿಯಲು ಅವರನ್ನೂ ಅಪ್ಪಣೆ ಕೇಳಿದಳು. ಅವರು ಅವಳನ್ನೇ ನೋಡಿ, “ನೀ ಯಾವ ಪುನರ್ವಸತಿಯಾಗ ಇದ್ದಿಯವಾ?” ಎಂದು ಕೇಳಿದರು. ನಾನು ನಾಲ್ಕು ದಿನದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ. ಹುಡುಗಿ ಚೀಲದಿಂದ ಕಾಗದ ತೆಗೆದು ಎರಡೂ ಕೈಯಲ್ಲಿ ಅವರಿಗೆ ಕೊಟ್ಟಳು.

ಅದು ಬೇರೆ ಜಿಲ್ಲೆಯ ಒಂದು ಬಾಲಕಿಯರ ಪುನರ್ವಸತಿ ಕೇಂದ್ರದ ಕಾಗದ. ಅನಾಥ ಹುಡುಗಿಯರನ್ನು ಇಟ್ಟು ಸಾಕುವ ಜಾಗ. ನೋಂದಣಿ ನಂಬರು ಹದಿನಾಲ್ಕು. ನಾಲ್ಕು ವರ್ಷದ ಅಂದಾಜಿನ ಮಗು, ಬೀಳಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕದ್ದು, ಪಾಲಕರ ಪತ್ತೆ ಇಲ್ಲ. ಹದಿನೆಂಟು ತುಂಬಿದ್ದರಿಂದ ಬಿಡುಗಡೆ ಮಾಡಲಾಗಿದೆ. ಕೆಳಗೆ ಮೇಲ್ವಿಚಾರಕಿಯ ಸಹಿ. ಹುಡುಗಿ ಅದರ ಮೇಲೆ ಬೆರಳಿಟ್ಟು, “ಇವರ್ರಿ ದೊಡ್ಡವ್ವಾರು,” ಎಂದಳು.

ನಾನು ಕಾಗದವನ್ನು ಇನ್ನೊಮ್ಮೆ ಓದಿದೆ. ಅಂಗನವಾಡಿಯ ಬಾಯಿಯೇ ಕೇಳಿದರು, “ನಿಮ್ಮವ್ವನ ಏನರ ನೆನಪೈತೇನು?”

“ಎತ್ತಿಕೊಂಡಿದ್ದಳ್ರಿ. ಗಾಡ್ಯಾಗ ಬಾಗಲಾ, ಚೌಕಟ್ಟು ಹೇರಿದ್ರು. ನೀರ ಬರಾಕತ್ತೈತಿ ಅಂತಿದ್ರು ಎಲ್ಲಾರೂ. ಅವ್ವನ ಎಡಗಿವಿ ಹರದ ಎರಡಾಗಿತ್ರಿ. ನಾ ಅದರಾಗ ಬೆರಳ ಇಟ್ಟ ಆಡತಿದ್ದೆ. ಮಾರಿ ನೆನಪಿಲ್ಲರಿ, ಕಿವಿ ಅಷ್ಟ.”

ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ನಾನು ಹೇಳಿದ್ದು ಮಾತ್ರ ಸುಳ್ಳಾಗಿತ್ತು. ಎಲ್ಲಾ ಗೊತ್ತಾಗಿದೆ ಎಂದಿದ್ದೆ, ನಿನ್ನ ಮನೆಗೆ ಮುಟ್ಟಿಸುತ್ತೇನೆ ಎಂದಿದ್ದೆ. ಯಾರ ಮಾತನ್ನೂ ನಂಬದ ನನ್ನ ಮಾತನ್ನು ನಂಬಿ ಅವಳು ಪೌಡರು ಹಚ್ಚಿಕೊಂಡು ಬಂದಿದ್ದಳು. ಅಷ್ಟು ಜನರ ಎದುರು ನಾನು ಅತ್ತೆ. ಅವಳು ಅಳಲಿಲ್ಲ. ಬಸ್ಸಿಗೆ ಕಾಯುವಾಗ, “ಅಕ್ಕಾರ, ಇಂಥಾ ಊರು ಇನ್ನೂ ಅದಾವಂತಲ್ರಿ?” ಎಂದು ಕೇಳಿದಳು. ಅದಾವು ಎಂದೆ.

ಬನಹಟ್ಟಿಗೆ ಬಂದಾಗ ಇನ್ನೂ ಬಿಸಿಲಿತ್ತು. ಓಣಿಯಲ್ಲಿ ನಡೆಯುವಾಗ ನನಗೆ ಒಂದೇ ಹೆದರಿಕೆ. ಇವಳು ಮರಳಿ ಬರುವುದಿಲ್ಲ, ಚಾಪೆಯನ್ನು ಬೇರೆ ಯಾರಿಗಾದರೂ ಕೊಡು ಎಂದು ನಾನೇ ಅಜ್ಜಿಗೆ ಹೇಳಿ ಹೋಗಿದ್ದೆ. ಒಳಗೆ ಹೋದರೆ ಎಂಟನೆಯ ಚಾಪೆ ಮೂಲೆಯಲ್ಲಿ ಸುತ್ತಿ ನಿಲ್ಲಿಸಿಟ್ಟಿದ್ದು ಕಂಡಿತು.

“ಯಾರೂ ಬರಲಿಲ್ಲೇನಬೇ?” ಎಂದೆ.

“ಒಬ್ಬಾಕಿ ಬಂದಿದ್ಲು. ಆಕಿನ್ನ ನನ್ನ ಹಾಸಿಗಿ ಮಗ್ಗಲಾಗ ಹಾಕ್ಕೊಂಡೇನಿ,” ಎಂದಳು ಅಜ್ಜಿ. “ಇದು ಈಕಿದು. ನೀ ಸರಿಯಾಗಿ ಕೇಳಿರಂಗಿಲ್ಲಂತ ಗೊತ್ತಿತ್ತ ನನಗ. ನಿನ್ನ ಮ್ಯಾಲ ನಂಬಿಗಿ ಇದ್ದಿದ್ದಿಲ್ಲ.”

ಹುಡುಗಿ ಚಾಪೆ ಬಿಚ್ಚುವ ಮೊದಲು ನನ್ನ ಮುಖ ನೋಡಿದಳು, ಅಪ್ಪಣೆಗೆ. ಹಾಸ್ಕೋ ಎಂದೆ. ಮನೆಗೆ ಹೋಗಿ ಟ್ರಂಕು ತೆಗೆದು ಬೆಂಡೋಲೆ ಹಾಕಿಕೊಂಡೆ.

ಮುಂದಿನ ಎರಡು ವರ್ಷ, ಬಿಡುವಾದ ಭಾನುವಾರಗಳಲ್ಲಿ ನಾವಿಬ್ಬರೂ ಒಂದೊಂದಾಗಿ ಆ ಬೋರ್ಡುಗಳ ಊರು ತಿರುಗಿದೆವು. ಹರಿದ ಕಿವಿಯವರು ಮೂವರು ಸಿಕ್ಕರು. ಅವರಲ್ಲಿ ಯಾರೂ ಮಗು ಕಳೆದುಕೊಂಡಿರಲಿಲ್ಲ. ಈಗ ಅವಳು ಮುಧೋಳದ ಕಡೆ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ, ಪಂಚಮಿಗೆ ಅಜ್ಜಿಯ ಮನೆಗೆ ತವರಿಗೆ ಬಂದಂತೆ ಬರುತ್ತಾಳೆ. ಅವ್ವನ ಸುದ್ದಿ ಅವಳು ಎತ್ತುವುದಿಲ್ಲ.

ನಾನೂ ಎತ್ತುವುದಿಲ್ಲ, ಆದರೆ ಹುಡುಕುವುದನ್ನು ಬಿಟ್ಟಿಲ್ಲ. ಬಸ್ಸಿನಲ್ಲಿ ವಯಸ್ಸಾದ ಹೆಂಗಸು ಪಕ್ಕದಲ್ಲಿ ಕೂತರೆ ಸೆರಗು ಸರಿಯುವವರೆಗೆ ಅವಳ ಎಡಗಿವಿಯನ್ನೇ ನೋಡುತ್ತೇನೆ. ಕೆಲವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಓಲೆಯ ಮೇಲೆ ಕೈಯಿಟ್ಟುಕೊಂಡು, ಎದ್ದು ಬೇರೆ ಸೀಟಿಗೆ ಹೋಗುತ್ತಾರೆ.