ರಾಮಾಂಜಿನಪ್ಪ ಎರಡನೆಯ ಸಲ ಡ್ರೈವಿಂಗ್ ಕಲಿತದ್ದು

ಚಿಕ್ಕಬಳ್ಳಾಪುರದ ಶಾಲಾ ತನಿಖಾ ಕಚೇರಿಯಲ್ಲಿ ಜವಾನನಾಗಿದ್ದ ಕಳವಾರದ ರಾಮಾಂಜಿನಪ್ಪ ಒಂದು ಕಾಲಕ್ಕೆ ಬಸ್ಸಿನ ಕ್ಲೀನರ್ ಆಗಿದ್ದನೆಂಬುದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವನಾಗಿ ಹೇಳಿಕೊಂಡವನೂ ಅಲ್ಲ. ಗೌರಿಬಿದನೂರಿನ ದಾರಿಯಲ್ಲಿ ಓಡುತ್ತಿದ್ದ ಖಾಸಗಿ ಬಸ್ಸು ಅದು. ರಸ್ತೆ ನೆಟ್ಟಗಿದ್ದ ಕಡೆ ಡ್ರೈವರ್ ಮುನಿವೆಂಕಟಪ್ಪ ಪ್ರೀತಿಯಿಂದ ಇವನ ಕೈಗೆ ಸ್ಟಿಯರಿಂಗ್ ಕೊಡುತ್ತಿದ್ದ. ೧೯೫೧ರ ಒಂದು ಮಧ್ಯಾಹ್ನ, ಮಂಚೇನಹಳ್ಳಿಗೆ ಈಚೆಯ ಕೆರೆ ಏರಿಯ ಮೇಲೆ ಎಮ್ಮೆಯೊಂದು ಅಡ್ಡ ಬಂತು. ಇವನು ಗಾಬರಿಯಲ್ಲಿ ತಿರುಗಿಸಿದ. ಮುಂದಿನ ಚಕ್ರ ಏರಿಯನ್ನು ಬಿಟ್ಟು ನೀರಿನ ಮೇಲೆ ತೂಗಾಡಿತು. ಜನ ಒಬ್ಬೊಬ್ಬರಾಗಿ ಇಳಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದು ಹಿಡಿದ ಕಾಲಿನ ನಡುಕ ಒಂಬತ್ತು ವರ್ಷವಾದರೂ ಬಿಡಲಿಲ್ಲ. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತರೂ ಸಾಕು, ಮೊಣಕಾಲು ತಾನಾಗಿ ಕುಣಿಯುತ್ತಿತ್ತು.

ಕಚೇರಿಯ ಇನ್‌ಸ್ಪೆಕ್ಟ್ರೆಸ್ ಜಾನಕಮ್ಮನವರು ಹೆಣ್ಣುಮಕ್ಕಳ ಶಾಲೆಗಳಿಗೆ ತಮ್ಮ ಹಳೆಯ ಆಸ್ಟಿನ್ ಕಾರನ್ನು ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿ ಕೂತು ಅವರು ಬರುವುದನ್ನು ನೋಡಲು ಹಳ್ಳಿಯ ಹೆಂಗಸರು ರಾಗಿ ಬೀಸುವುದನ್ನೂ ನಿಲ್ಲಿಸಿ ಹೊರಗೆ ಬರುತ್ತಿದ್ದರಂತೆ. ಅರವತ್ತನೇ ಇಸವಿಯ ಹೊತ್ತಿಗೆ ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು, ಆದರೂ ದಾರಿಯ ಅಭ್ಯಾಸದ ಮೇಲೆ ಓಡಿಸುತ್ತಲೇ ಇದ್ದರು. ಒಂದು ಬೆಳಿಗ್ಗೆ ಜಂಗಮಕೋಟೆಯ ಹತ್ತಿರ ಕಾರು ಗುಟುರು ಹಾಕಿ ನಿಂತುಬಿಟ್ಟಿತು. ಕಡತ ಹೊತ್ತು ಜೊತೆಗೆ ಬಂದಿದ್ದ ರಾಮಾಂಜಿನಪ್ಪ ಇಳಿದು, ಬಾನೆಟ್ ಎತ್ತಿ, ಪ್ಲಗ್ಗು ಬಿಚ್ಚಿ ಟವಲಿನಿಂದ ಒರೆಸಿ ಮತ್ತೆ ಹಾಕಿದ. ಎಂಜಿನ್ ಮೊದಲ ಸಲಕ್ಕೇ ಹತ್ತಿಕೊಂಡಿತು. ಇದನ್ನು ಎಲ್ಲಿ ಕಲಿತೆಯೆಂದು ಅಮ್ಮನವರು ಕೇಳಿದರು. ಅವನು ಬಸ್ಸು, ಎಮ್ಮೆ, ಕೆರೆ ಎಲ್ಲವನ್ನೂ ಹೇಳಿದ.

"ಇನ್ನು ಹದಿನಾಲ್ಕು ದಿನಕ್ಕೆ ಬೆಂಗಳೂರಲ್ಲಿ ನನ್ನ ಕಣ್ಣಿಗೆ ಆಪರೇಷನ್," ಎಂದರು. "ನೀನೇ ಕರ್ಕೊಂಡು ಹೋಗ್ಬೇಕು. ನಾಳೆಯಿಂದ ರಜ ಹಾಕಪ್ಪ, ನಾನು ಕಲಿಸ್ತೀನಿ."

"ಕಾಲು ನಡುಗ್ತದಮ್ಮಾವ್ರೆ."

"ನಡುಗ್ಲಿ. ನಡುಗೋ ಕಾಲಲ್ಲೇ ಕ್ಲಚ್ ಒತ್ತು."

ಅವರು ತಮ್ಮ ಕೈಯಾರೆ ಕಾರು ಓಡಿಸಿದ್ದು ಅಂದೇ ಕೊನೆ.

ಮರುದಿನ ಬೆಳಕು ಹರಿಯುವಾಗಲೇ ಪಾಠ ಶುರುವಾಯಿತು. ಮಧ್ಯಾಹ್ನದವರೆಗೆ ಒಂದು ಸುತ್ತು, ಊಟವಾದ ಮೇಲೆ ಹೊತ್ತು ಇಳಿಯುವವರೆಗೆ ಇನ್ನೊಂದು. ಮೊದಲ ಮೂರು ದಿನ ಊರಾಚೆಯ ಬಯಲಿನಲ್ಲಿ ನಿಲ್ಲಿಸುವುದು, ಹೊರಡಿಸುವುದು ಇಷ್ಟೇ. ಅಮ್ಮನವರು ಎಡಗಡೆಯ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಗೇರು ಕರಕರ ಎನ್ನುವ ಮೊದಲೇ, "ಈಗಲೇ ಬೇಡ, ಎಂಜಿನ್ ಇನ್ನೂ ಗೇರು ಕೇಳ್ತಾ ಇಲ್ಲ," ಎನ್ನುತ್ತಿದ್ದರು. ಎಂಜಿನ್ ಕೇಳುವುದೆಂದರೇನೆಂದು ಅವನಿಗೆ ಅರ್ಥವಾಗಲಿಲ್ಲ. ನಾಲ್ಕನೆಯ ದಿನ ಶಿಡ್ಲಘಟ್ಟದ ರಸ್ತೆಯಲ್ಲಿ, ದಿಬ್ಬ ಏರುವಾಗ, ಎಂಜಿನ್ನಿನ ದನಿ ದಣಿದು ಇಳಿದದ್ದು ಅವನ ಕಿವಿಗೆ ಬಿತ್ತು. ಕೈ ತಾನಾಗಿ ಗೇರಿಗೆ ಹೋಯಿತು. ಗೇರು ಬೆಣ್ಣೆಯ ಹಾಗೆ ಕೂತಿತು. ಅಮ್ಮನವರ ಮುಖ ಅರಳಿತು.

ಆಮೇಲೆ ಚಿಂತಾಮಣಿಯವರೆಗೂ ಹೋಗಿಬಂದರು. ಶಿಡ್ಲಘಟ್ಟದ ಪೇಟೆಯಲ್ಲಿ ರೇಷ್ಮೆಗೂಡಿನ ಮೂಟೆ ಹೇರಿದ ಗಾಡಿಗಳ ನಡುವೆ ಬೆವರು ಸುರಿಸುತ್ತ ನುಸುಳಿದರು. ಮುಂದೆ ತಿರುವಿದೆ, ಹುಣಸೆಮರ ದಾಟಿದ ಮೇಲೆ ಮೋರಿ ಇದೆ ಎಂದು ಅಮ್ಮನವರು ಮುಂಚಿತವಾಗಿ ಹೇಳುತ್ತಿದ್ದರು. ಹೇಳಿದಲ್ಲೇ ಮರ, ಹೇಳಿದಲ್ಲೇ ಮೋರಿ. ಇಪ್ಪತ್ತು ವರ್ಷ ಓಡಾಡಿದ ದಾರಿ ಅವರ ಮೈಯಲ್ಲೇ ಇತ್ತು. ಹೊರಗಿನದು ಅವರಿಗೆ ಬರಿಯ ಬಿಳಿ ಮಬ್ಬು.

ಹತ್ತನೆಯ ದಿನ ಗೌರಿಬಿದನೂರಿನ ದಾರಿ ಹಿಡಿ ಎಂದರು. ಹಿಂದೆ ಎಮ್ಮೆ ಅಡ್ಡ ಬಂದಿದ್ದ ಆ ಕೆರೆ ಈ ವರ್ಷ ತುಂಬಿತ್ತು. ಏರಿಯ ಅರ್ಧಕ್ಕೆ ಬಂದಾಗ ಎದುರಿನಿಂದ ಕಡಲೆಕಾಯಿ ಮೂಟೆ ಹೇರಿದ ಮೂರು ಎತ್ತಿನಗಾಡಿಗಳು ಸಾಲಾಗಿ ಬಂದವು. ಗಾಡಿಗಳು ಹಿಂದೆ ಸರಿಯುವ ಹಾಗಿರಲಿಲ್ಲ. ರಾಮಾಂಜಿನಪ್ಪ ಬ್ರೇಕ್ ಒತ್ತಿದ. ಎರಡು ಮೊಣಕಾಲೂ ಕುಣಿಯತೊಡಗಿದವು. ಇಳಿದುಬಿಡುತ್ತೇನೆ, ಯಾರನ್ನಾದರೂ ಕರೆತರುತ್ತೇನೆ ಎಂದ.

"ಹಿಂದಕ್ಕೆ ತಗೋ," ಎಂದರು ಜಾನಕಮ್ಮ. "ಬಲಗಡೆ ನೀನು ನೋಡ್ಕೋ. ನೀರಿನ ಕಡೆ ನಾನು ಕೇಳ್ಕೋತೀನಿ."

ಅವರು ಕಿಟಕಿಯಿಂದ ತಲೆ ಹೊರಗಿಟ್ಟರು. ಕಾರು ಇರುವೆಯಂತೆ ಹಿಂದೆ ಹರಿಯಿತು. ಚಕ್ರದಡಿ ಜಲ್ಲಿ ಇರುವಷ್ಟು ಹೊತ್ತು ಸುಮ್ಮನಿರುವರು. ಅಂಚಿನ ಹುಲ್ಲು ಸವರಿದ ಸದ್ದು ಬಂದೊಡನೆ, "ಹುಲ್ಲು, ಬಲಕ್ಕೆ ಬಾ," ಎನ್ನುವರು. ಒಂದು ಫರ್ಲಾಂಗು ಹೀಗೇ ಸರಿದರು. ಕೊನೆಕೊನೆಗೆ ಆ ಹುಲ್ಲಿನ ಸದ್ದು ಅವರು ಹೇಳುವ ಮೊದಲೇ ರಾಮಾಂಜಿನಪ್ಪನಿಗೂ ಕೇಳಿಸತೊಡಗಿತು. ಏರಿ ಮುಗಿದು ಗಟ್ಟಿ ನೆಲ ಸಿಕ್ಕಾಗ ಎಂಜಿನ್ ಆರಿಸಿದ. ಗಾಡಿಗಳು ದಾಟಿ ಹೋದವು. ಕಾಲು ನಡುಗುವುದು ಯಾವಾಗ ನಿಂತಿತೋ ಅವನಿಗೇ ಗೊತ್ತಾಗಿರಲಿಲ್ಲ. ಇಳಿದು ಬಂದು, ಎಡಗಡೆಯ ಬಾಗಿಲು ತೆರೆದು, ಬಗ್ಗಿ ಅವರ ಕಾಲು ಮುಟ್ಟಿದ. ಅಮ್ಮನವರು ಸಂಕೋಚದಿಂದ ಕಾಲು ಎಳೆದುಕೊಂಡು, ಇನ್ನೊಂದು ಸಲ ಏರಿಯನ್ನು ದಾಟು ಎಂದರು.

ಎರಡು ದಿನ ಬಿಟ್ಟು ಕೋಲಾರದಲ್ಲಿ ಪರೀಕ್ಷೆ ಕೊಟ್ಟು ಲೈಸೆನ್ಸ್ ಪಡೆದ. ಹೇಳಿದ ದಿನವೇ ಅವರನ್ನು ಬೆಂಗಳೂರಿನ ಆಸ್ಪತ್ರೆಗೆ ಮುಟ್ಟಿಸಿದ.

ತಿಂಗಳ ಮೇಲೆ ಕರೆತರಲು ಹೋದಾಗ ಆಪರೇಷನ್ ಆದ ಅಮ್ಮನವರ ಬಲಗಣ್ಣಿಗೆ ದಪ್ಪ ಕನ್ನಡಕ ಬಂದಿತ್ತು. ದೇವನಹಳ್ಳಿ ದಾಟುತ್ತಲೇ ಅವರು ಮೈಲಿಗಲ್ಲುಗಳನ್ನು ಓದತೊಡಗಿದರು. ಒಂದೊಂದು ಅಂಕಿಯನ್ನೂ ಒಂದನೇ ಕ್ಲಾಸಿನ ಮಗುವಿನಂತೆ ಗಟ್ಟಿಯಾಗಿ ಓದುವರು, ಓದಿ ಮುಂದಿನ ಕಲ್ಲಿಗೆ ಕಾಯುವರು. ರಾಮಾಂಜಿನಪ್ಪ ಪ್ರತಿ ಕಲ್ಲಿನ ಬಳಿಯೂ ಗೇರು ಇಳಿಸಿ, ನಿಧಾನ ಮಾಡಿ, ಅವರು ಓದಿ ಮುಗಿಸುವ ತನಕ ಕಾದು ಮುಂದೆ ಹೋಗುತ್ತಿದ್ದ.